ಬೀಗ ಬಿದ್ದ ಕಾರಖಾನೆಗೆ ಬರುವವರು ಯಾರು?

(ನಮ್ಮ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ. ಸ್ಥಳಾಭಾವದಿಂದ ಅಲ್ಲಲ್ಲಿ ಸ್ವಲ್ಪ ಸಂಕ್ಷೇಪಿಸಲಾಗಿದೆ.)



ಈ ದಿನದ ವಿಷಯವನ್ನು ಕಾರ್ಯದರ್ಶಿಗಳು ಹೊರಗಿನ ಹಲಗೆಯ ಮೇಲೆ ಬರೆದಿಟ್ಟಾಗ ಅದನ್ನು ಓದಿದ ಕೆಲವರು, "ಇದು ಸಾಹುಕಾರರ ಚಿಂತೆ, ನಮಗೇತಕ್ಕೆ?" ಎಂದರಂತೆ. ಅವರು ಕೇಳಿದ್ದು ಸರಿಯಾಗಿಯೇ ಇದೆ. ಬೀಗ ಬಿದ್ದ ಕಾರಖಾನೆ ಖಾಲಿ ಉಳಿದರೆ ಅದರ ಯಜಮಾನ ಚಿಂತಿಸಬೇಕು. ಒಂದು ಖೋಲಿಯಲ್ಲಿ ನಾಲ್ವರು ಮಲಗಿ, ಪಗಾರದ ದಿನ ಊರಿಗೆ ಹಣ ಕಳಿಸುವ ನಾವು ಏಕೆ ತಲೆ ಕೆಡಿಸಿಕೊಳ್ಳಬೇಕು? ಆದರೆ ತುಸು ಯೋಚಿಸಿ ನೋಡಿ. ಇಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿಯ ತಂದೆ, ಅಜ್ಜಂದಿರು ಮುಂಬಯಿಗೆ ಬಂದದ್ದು ಇಲ್ಲಿ ಗಿರಣಿಗಳಿದ್ದವೆಂದು. ಇನ್ನು ಕೆಲವರು ಬಂದದ್ದು ತಮ್ಮ ಊರಿನಲ್ಲಿದ್ದ ಕಾರಖಾನೆ ಮುಚ್ಚಿತೆಂದು. ನಮ್ಮ ಗಂಟುಮೂಟೆಯನ್ನು ಕಟ್ಟಿಸುವುದೂ ಬಿಚ್ಚಿಸುವುದೂ ಇದೇ ಬೀಗ. ಆದುದರಿಂದ ಈ ವಿಷಯ ನಮ್ಮದೂ ಹೌದು.

ಮೊದಲು ನಮ್ಮ ಪಕ್ಕದ ಬೀದಿಯಿಂದಲೇ ಆರಂಭಿಸುತ್ತೇನೆ. ಪರೇಲ, ಲಾಲಬಾಗ, ವರಳಿ ಕಡೆಯ ಬಟ್ಟೆ ಗಿರಣಿಗಳಲ್ಲಿ 1982ನೇ ಇಸವಿ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದಾಗ, ಕೆಲಸ ನಿಲ್ಲಿಸಿದವರು ಸುಮಾರು ಎರಡೂವರೆ ಲಕ್ಷ ಜನ. ಆ ಮುಷ್ಕರಕ್ಕೆ ವಿಧಿವತ್ತಾದ ಮುಕ್ತಾಯವೇ ಆಗಲಿಲ್ಲ. ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲಿಲ್ಲ. 1991ರಲ್ಲಿ ಸರಕಾರ ಒಂದು ಕಾಯಿದೆ ಮಾಡಿತು: ಗಿರಣಿಯ ನೆಲವನ್ನು ಮಾರುವುದಾದರೆ ಮೂರರಲ್ಲಿ ಒಂದು ಪಾಲು ನಗರಸಭೆಯ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಪಾಲು ಯಜಮಾನನಿಗೆ. ಕೇಳಲು ಎಷ್ಟು ನ್ಯಾಯವಾಗಿದೆ! 2001ರಲ್ಲಿ ಅದನ್ನೇ ತಿದ್ದಿ, ಮೂರು ಪಾಲು ಮಾಡಬೇಕಾದದ್ದು ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದ ಬರಿಯ ಜಾಗವನ್ನು ಮಾತ್ರ ಎಂದಾಯಿತು. ಗಿರಣಿ ಎಂದರೆ ತುಂಬ ಕಟ್ಟಡವೇ ಇರುವಾಗ ಬರಿಯ ಜಾಗ ಎಷ್ಟು ಇದ್ದೀತು? 2006ರಲ್ಲಿ ಸುಪ್ರೀಂ ಕೋರ್ಟೂ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಗಿರಣಿ ಇದ್ದಲ್ಲಿ ಮಾಲ್ ಎದ್ದಿತು. ಕಮಲಾ ಮಿಲ್ಸಿನೊಳಗೆ ಆಫೀಸುಗಳೂ ಹೋಟೆಲುಗಳೂ ಬಂದುವು. ಅಪ್ಪ ನೂಲು ತೆಗೆದ ಜಾಗದಲ್ಲಿ ಮಗ ಪಹರೆಯ ಸಮವಸ್ತ್ರ ತೊಟ್ಟು ಗಾಡಿಗಳಿಗೆ ದಾರಿ ತೋರಿಸುತ್ತಾನೆ. ಗಿರಣಿ ಕಾರ್ಮಿಕರ ಮನೆಗಳಿಗಾಗಿ ಲಾಟರಿ ಎತ್ತಿದ್ದು 2012ರಲ್ಲಿ. ಮುಷ್ಕರ ಹೂಡಿದ ಮೂವತ್ತು ವರ್ಷಕ್ಕೆ. ಚೀಟಿ ಹಾಕಿದ ಎಷ್ಟೋ ಹಿರಿಯರು ಅಷ್ಟರೊಳಗೆ ತೀರಿಕೊಂಡಿದ್ದರು.

ಇರಲಿ. ಮುಂಬಯಿಯ ಕಥೆ ಒಂದು ಲೆಕ್ಕದಲ್ಲಿ ಸುಲಭದ ಕಥೆ. ಇಲ್ಲಿ ಗಿರಾಕಿಯ ಬರವೇ ಇರಲಿಲ್ಲ. ನೆಲದ ಬೆಲೆಯ ಮುಂದೆ ಬಟ್ಟೆಯ ಲಾಭ ಯಾವ ಗಿಡದ ತೊಪ್ಪಲು! ನಾನು ಹೇಳಹೊರಟಿರುವುದು ಗಿರಾಕಿಯೇ ಬಾರದ ಊರಿನ ವಿಚಾರ. ಅಂಥ ಊರು ನಮ್ಮ ನಾಡಿನಲ್ಲಿಯೇ ಉಂಟು. ಅದು ಕೋಲಾರದ ಚಿನ್ನದ ಗಣಿ, ಕೆ.ಜಿ.ಎಫ್.

ಕೋಲಾರದ ಹೆಸರು ಕೇಳದವರಾರು? 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕಾಲಿಟ್ಟರು. ಮೈಸೂರು ಗಣಿ, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂದು ಒಂದೊಂದಾಗಿ ಗಣಿಗಳು ತೆರೆದುವು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಅಲ್ಲಿಗೆ ವಿದ್ಯುತ್ತು ಕೊಟ್ಟರು. ಬೆಂಗಳೂರಿನ ಬೀದಿಯಲ್ಲಿ ದೀಪ ಉರಿದದ್ದು 1905ರಲ್ಲಿ; ರಾಜಧಾನಿಗಿಂತ ಮೊದಲೇ ಗಣಿಗೆ ಬೆಳಕು! ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಕೂಲಿಯವರಿಗೆ ಸಾಲುಮನೆ. ಆ ಕೂಲಿಯವರು ಬಹುಮಟ್ಟಿಗೆ ಆರ್ಕಾಟಿನ ಕಡೆಯಿಂದ ಬಂದ ತಮಿಳರು, ಚಿತ್ತೂರಿನ ಕಡೆಯ ತೆಲುಗರು. ಅವರೂ ನಮ್ಮಂತೆಯೇ ಹೊಟ್ಟೆಗಾಗಿ ಊರು ಬಿಟ್ಟವರು. ಉಚ್ಛ್ರಾಯಕಾಲದಲ್ಲಿ ಅವರ ಸಂಖ್ಯೆ ಮೂವತ್ತು ಸಾವಿರವನ್ನು ಮುಟ್ಟಿತ್ತು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತವರೆಷ್ಟೋ, ಕಲ್ಲಿನ ಧೂಳು ಎದೆಯಲ್ಲಿ ಕೂತು ಕೆಮ್ಮಿ ಕೆಮ್ಮಿ ಸತ್ತವರೆಷ್ಟೋ. ಒಟ್ಟಿನಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ಆ ನೆಲದಿಂದ ಹೊರಬಂತು.

ನಮ್ಮ ಮುಂಬಯಿಗೂ ಆ ಗಣಿಗೂ ಒಂದು ನಂಟುಂಟು, ಇಲ್ಲಿಯೇ ಹೇಳಿಬಿಡುತ್ತೇನೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರ ಜತೆಗೂಡಿ ಅದೇ ಗಣಿಯ ಆಳದಲ್ಲಿ ಯಂತ್ರಗಳನ್ನಿಟ್ಟು, 1965ರಲ್ಲಿ ವಾಯುಮಂಡಲದಿಂದ ಹುಟ್ಟಿ ಬರುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣದ ಸುಳಿವು ಹಿಡಿದರು. ಜಗತ್ತಿನಲ್ಲಿಯೇ ಮೊದಲು ಕಂಡವರಲ್ಲಿ ಅವರೂ ಒಬ್ಬರು. ಗಣಿ ಮುಚ್ಚುತ್ತ ಬಂದಂತೆ ಆ ಪ್ರಯೋಗಶಾಲೆಯೂ ಮುಚ್ಚಿತು.

1956ರಲ್ಲಿ ಮೈಸೂರು ಸರಕಾರ ಗಣಿಯನ್ನು ವಹಿಸಿಕೊಂಡಿತು. 1962ರಲ್ಲಿ ಅದು ಕೇಂದ್ರದ ಕೈಗೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಆ ಹೊತ್ತಿಗೆ ಅದಿರಿನಲ್ಲಿ ಚಿನ್ನ ಬಹಳ ತೆಳ್ಳಗಾಗಿತ್ತು; ಆಳ ಹೆಚ್ಚಿದಂತೆ ಖರ್ಚು ಏರಿತು. ಕಡೆಗೆ 2001ನೇ ಇಸವಿ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೀರೆತ್ತುವ ಪಂಪು ನಿಂತಿತು. ಸುರಂಗಗಳಲ್ಲಿ ನೀರು ತುಂಬಿತು. ಒಂದೇ ಉದ್ಯೋಗವನ್ನು ನಂಬಿದ ಊರಿಗೆ ಒಂದೇ ದಿನ ಸೂತಕವಾಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಸಾವಿರಾರು ಎಕರೆ ನೆಲ. ಕಟ್ಟಿದ ಮನೆ, ಆಸ್ಪತ್ರೆ, ಶಾಲೆ. ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ರೈಲು. ಬೆಂಗಳೂರು ನೂರು ಕಿಲೋಮೀಟರು. ತಲೆಮಾರುಗಳಿಂದ ಯಂತ್ರಗಳ ನಡುವೆ ಬೆಳೆದ ಜನ. ಉದ್ಯಮಿಗೆ ಇನ್ನೇನು ಬೇಕು? ಆದರೂ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಗೆ ಹೇಳಿಕೊಳ್ಳುವಂಥ ಹೊಸ ಕಾರಖಾನೆ ಬರಲಿಲ್ಲ. ಇದಕ್ಕೆ ಊರ ಜನರ ಸೋಮಾರಿತನವೋ, ಗಲಾಟೆಯ ಸ್ವಭಾವವೋ ಕಾರಣವೆಂದು ಹೇಳುವವರು ಇದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಬೆಳಗಿನ ಜಾವದ ಕತ್ತಲಲ್ಲಿ ಬುತ್ತಿ ಕಟ್ಟಿಕೊಂಡು ಮಾರಿಕುಪ್ಪದ ರೈಲು ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಊಟದ ಹೊತ್ತಿಗೆ ಮನೆ ಮುಟ್ಟುವ ಸಾವಿರಾರು ಮಂದಿಯನ್ನು ಸೋಮಾರಿಗಳೆಂದರೆ ನಾಲಗೆಗೆ ಮೂಳೆಯಿಲ್ಲವೆಂದಷ್ಟೇ ಹೇಳಬೇಕು. ಲೋಕಲ್ ಗಾಡಿಯಲ್ಲಿ ಜೋತಾಡುವ ನಮಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಅಡ್ಡಿ ಬೇರೆ. ಮೊದಲನೆಯದು, ನೆಲ ಯಾರದು ಎಂಬುದು. ಮನೆ ಬಾಡಿಗೆಗೆ ಹಿಡಿಯುವಾಗ ನಾವು ಏನು ಕೇಳುತ್ತೇವೆ? "ಯಜಮಾನ ಯಾರು, ಪಾವತಿ ಯಾರು ಕೊಡುತ್ತಾರೆ?" ಅಣ್ಣತಮ್ಮಂದಿರ ವ್ಯಾಜ್ಯವಿರುವ ಮನೆಗೆ ಯಾರೂ ಮುಂಗಡ ಕೊಡುವುದಿಲ್ಲ. ಕೆ.ಜಿ.ಎಫ್.ನಲ್ಲಿ ಗಣಿಸಂಸ್ಥೆ ಕೇಂದ್ರದ್ದು. ನೆಲ ಮೂಲತಃ ಮೈಸೂರು ಸಂಸ್ಥಾನ ಗುತ್ತಿಗೆಗೆ ಕೊಟ್ಟದ್ದು, ಆದುದರಿಂದ ತನ್ನದೆಂದು ರಾಜ್ಯದ ವಾದ. ಕಾರ್ಮಿಕರ ಸಂಘಗಳದು ಬಾಕಿಯ ವ್ಯಾಜ್ಯ. ಬೀದಿ ಗುಡಿಸಿ, ನಲ್ಲಿ ಬಿಡಬೇಕಾದ ರಾಬರ್ಟ್‌ಸನ್ ಪೇಟೆಯ ನಗರಸಭೆಗೆ ಗಣಿಯ ನೆಲದಲ್ಲಿ ಒಂದು ಗೇಣನ್ನಾದರೂ ಯಾರಿಗಾದರೂ ಬರೆದುಕೊಡುವ ಅಧಿಕಾರವಿಲ್ಲ. ಊರು ಕರೆಯುತ್ತದೆ, ಆದರೆ ಬಾಗಿಲಿನ ಬೀಗದಕೈ ದಿಲ್ಲಿಯಲ್ಲಿ. 2013ರಲ್ಲಿ ಸುಪ್ರೀಂ ಕೋರ್ಟು ಗಣಿಯ ಸ್ವತ್ತನ್ನು ಟೆಂಡರಿಗೆ ಹಾಕಲು ದಾರಿ ಮಾಡಿಕೊಟ್ಟಿತು. ಬೀಗ ಆಗಲೂ ತೆರೆಯಲಿಲ್ಲ.

ಎರಡನೆಯದು ನೆಲದ ಮೇಲೂ ಕೆಳಗೂ ಇರುವ ಪಿತ್ರಾರ್ಜಿತ. ಕೆಳಗೆ ಪೊಳ್ಳು, ಅದರ ತುಂಬ ನೀರು. ಮೇಲೆ, ಅದಿರನ್ನು ಪುಡಿಮಾಡಿ ಸಯನೈಡಿನಲ್ಲಿ ತೊಳೆದು ಚಿನ್ನ ತೆಗೆದಮೇಲೆ ಉಳಿದ ಬೂದುಮಣ್ಣಿನ ಗುಡ್ಡಗಳು. ಊರವರು ಸಯನೈಡ್ ದಿಬ್ಬವೆಂದೇ ಕರೆಯುತ್ತಾರೆ. ಮೂರು ಕೋಟಿ ಟನ್ನಿಗೂ ಮೇಲೆಂದು ಅಂದಾಜು. ಗಾಳಿಯ ಕಾಲದಲ್ಲಿ ಆ ಪುಡಿ ಹಾರಿ ಅನ್ನದ ತಟ್ಟೆಗೂ ಬೀಳುತ್ತದೆ. ಅದನ್ನು ಚೊಕ್ಕಟ ಮಾಡುವ ಖರ್ಚು ಯಾರದು? ಚಿನ್ನ ಒಯ್ದವರದೇ, ನೆಲ ಕೊಳ್ಳುವವರದೇ? ಇದಕ್ಕೆ ಉತ್ತರ ಸಿಗುವವರೆಗೆ ಬುದ್ಧಿವಂತ ಉದ್ಯಮಿ ಅತ್ತ ತಲೆಹಾಕುವುದಿಲ್ಲ. ಆ ದಿಬ್ಬಗಳಲ್ಲಿ ಇನ್ನೂ ಅಷ್ಟಿಷ್ಟು ಚಿನ್ನವಿದೆಯೆಂದು, ಅದನ್ನು ಮತ್ತೆ ತೊಳೆದು ತೆಗೆಯುವ ಕೇಂದ್ರದ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನಡೆದರೆ ನೆಲವೂ ತೆರವಾದೀತು. ಆದರೆ ತೊಳೆದಮೇಲೆ ಉಳಿಯುವ ಮಣ್ಣು ಎಲ್ಲಿಗೆ ಹೋಗುತ್ತದೆಂಬುದನ್ನು ಊರವರು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಈ ಎರಡು ಅಡ್ಡಿಗಳು ಎಷ್ಟು ಬಲವಾದುವೆಂದು ತಿಳಿಯಬೇಕಾದರೆ ಅದೇ ಕೋಲಾರ ಜಿಲ್ಲೆಯ ನರಸಾಪುರವನ್ನು ನೋಡಿ. ಕೆ.ಜಿ.ಎಫ್.ನಿಂದ ಐವತ್ತು ಕಿಲೋಮೀಟರಿನೊಳಗೆ, ಬೆಂಗಳೂರಿನ ಹೆದ್ದಾರಿಯ ಮೇಲೆ. ಅಲ್ಲಿ ನಿನ್ನೆ ಮೊನ್ನೆಯವರೆಗೆ ರಾಗಿ, ತೊಗರಿ ಬೆಳೆಯುತ್ತಿತ್ತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ತಕರಾರಿಲ್ಲದ ಪತ್ರ ಮಾಡಿ, ರಸ್ತೆ ಹಾಕಿ ಕೊಟ್ಟಿತು. 2013ರಲ್ಲಿ ಹೋಂಡಾದವರ ಮೋಟರ್ ಸೈಕಲ್ ಕಾರಖಾನೆ ಬಂತು. ವಿಸ್ಟ್ರಾನ್ ಎಂಬ ತೈವಾನಿನ ಕಂಪನಿ ಆಪಲ್ ಟೆಲಿಫೋನು ಜೋಡಿಸುವ ಕೆಲಸ ಆರಂಭಿಸಿತು. 2020ರ ಡಿಸೆಂಬರಿನಲ್ಲಿ ಪಗಾರದ ತಕರಾರಿನಿಂದ ಅಲ್ಲಿ ದೊಡ್ಡ ದೊಂಬಿಯಾಯಿತು, ಗಾಜು ಒಡೆಯಿತು. ಹಾಗಾದರೂ ಕಾರಖಾನೆ ಓಡಿಹೋಗಲಿಲ್ಲ. 2023ರಲ್ಲಿ ಟಾಟಾದವರು ಅದನ್ನು ಕೊಂಡರು. ನೋಡಿ, ದೊಂಬಿಯಾದ ಜಾಗಕ್ಕೂ ಗಿರಾಕಿ ಉಂಟು, ದಾಖಲೆ ಗೊಂದಲವಾದ ಜಾಗಕ್ಕೆ ಇಲ್ಲ. ಬರಡುಬಿದ್ದ ಗಣಿನೆಲವನ್ನು ಬಿಟ್ಟು ಉಳುವ ಹೊಲವನ್ನು ಹಿಡಿದದ್ದು ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ. ನನ್ನ ಮಟ್ಟಿಗೆ ಅದು ಸರಿಯಲ್ಲ. ಆದರೆ ಕಂಪನಿಯವರ ದೃಷ್ಟಿಯಿಂದ ನೋಡಿದರೆ ಅವರು ಬೇರೇನು ತಾನೇ ಮಾಡಿಯಾರು?

ನೀರಿನ ಮಾತನ್ನೂ ಮರೆಯಬಾರದು. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಗಣಿಯ ಕಾಲದಲ್ಲಿ ಬೇತಮಂಗಲದ ಕೆರೆಯಿಂದ ನೀರು ತರುತ್ತಿದ್ದರು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಜಿಲ್ಲೆಯ ಕೆರೆಗಳಿಗೆ ಬಿಡುವ ಏರ್ಪಾಡಾಗಿದೆ. ರಾಜಧಾನಿಗೆ ದುಡಿಯುವ ಕೈಯನ್ನು ಕಳಿಸಿ, ಅಲ್ಲಿಂದ ಬಳಸಿ ಬಿಟ್ಟ ನೀರನ್ನು ತರಿಸಿಕೊಳ್ಳುವ ವ್ಯಾಪಾರವಿದು.

ಗಿರಾಕಿಗಳು ಬರಲೇ ಇಲ್ಲವೆಂದೆನಲ್ಲ, ಅದನ್ನು ತುಸು ತಿದ್ದಬೇಕು. ವಿಚಿತ್ರವಾದ ಗಿರಾಕಿಗಳು ಬಂದರು. ಬೆಂಗಳೂರಿನ ಕಸವನ್ನು ಗಣಿಯ ಕಡೆ ಸಾಗಿಸುವ ಮಾತು ಎದ್ದಿತು. 2012ರ ನವೆಂಬರಿನಲ್ಲಿ ಅಣುವಿದ್ಯುತ್ ಕೇಂದ್ರದ ಉಳಿಕೆಯನ್ನು ಹಳೆಯ ಗಣಿಯಲ್ಲಿ ಇಡುತ್ತಾರೆಂಬ ಸುದ್ದಿ ಹಬ್ಬಿ ಊರಿನವರು ಬೀದಿಗಿಳಿದರು. ಅಂಥ ಯೋಚನೆಯಿಲ್ಲವೆಂದು ಕಡೆಗೆ ಅಧಿಕಾರಸ್ಥರು ಹೇಳಬೇಕಾಯಿತು. ಆಮೇಲೆ ಸಿನಿಮಾದವರು ಬಂದರು. 2018ರಲ್ಲಿ ತೆರೆಕಂಡ 'ಕೆ.ಜಿ.ಎಫ್.' ಚಿತ್ರ ದೇಶವೆಲ್ಲ ಓಡಿತು, ಆ ದಿಬ್ಬಗಳ ಮೇಲೂ ಅದರ ಚಿತ್ರೀಕರಣ ನಡೆಯಿತು. ನಮ್ಮ ವಾಚನಾಲಯದ ಹುಡುಗರೂ ಎರಡೆರಡು ಸಲ ನೋಡಿದ್ದಾರೆ. ನೋಡಲಿ, ಬೇಡವೆನ್ನುವುದಿಲ್ಲ. ಆದರೆ ಊರಿನ ಹೆಸರು ಕೋಟಿ ಕೋಟಿ ಗಳಿಸಿದಾಗ ಆ ಊರಿನ ಯುವಕ ಎಂದಿನಂತೆ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದನೆಂಬುದು ನೆನಪಿರಲಿ. ಕುಲುಮೆ ಇಲ್ಲದ ಊರಿಗೆ ಕೀರ್ತಿ ಬಂದರೆ ಒಲೆ ಹೊತ್ತುವುದಿಲ್ಲ.

ಒಂದು ಸಂಸ್ಥೆಯ ಹೆಸರನ್ನು ಮಾತ್ರ ಕೃತಜ್ಞತೆಯಿಂದ ಹೇಳಬೇಕು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್, ಜನರ ಬಾಯಲ್ಲಿ ಬೆಮೆಲ್, ಅಲ್ಲಿ ಬುಲ್‌ಡೋಜರುಗಳನ್ನೂ ಮಣ್ಣು ತೋಡುವ ಯಂತ್ರಗಳನ್ನೂ ಮಾಡುತ್ತದೆ. ಗಣಿ ಮುಚ್ಚುವ ಎಷ್ಟೋ ಮೊದಲೇ ಅದು ಅಲ್ಲಿ ನೆಲೆಯೂರಿತ್ತು. ಗಣಿ ಇನ್ನೂ ಉಸಿರಾಡುತ್ತಿದ್ದಾಗಲೇ ಅಂಥ ನಾಲ್ಕು ಕಾರಖಾನೆಗಳನ್ನು ತಂದಿದ್ದರೆ! ಊರಿನ ಕೈಯಲ್ಲಿ ಕಾಸು ಇದ್ದಾಗ ಯಾರೂ ಮುಂದಿನದನ್ನು ಯೋಚಿಸುವುದಿಲ್ಲ. ಈಗ ಬೆಮೆಲ್ ಬಳಸದೆ ಉಳಿಸಿಕೊಂಡಿದ್ದ ಒಂಬೈನೂರು ಎಕರೆಗೂ ಮಿಕ್ಕ ನೆಲವನ್ನು ರಾಜ್ಯ ಸರಕಾರ ಹಿಂದಕ್ಕೆ ಪಡೆದು ಕೈಗಾರಿಕಾ ಬಡಾವಣೆ ಮಾಡಲು ಹೊರಟಿದೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯೂ ಬೇತಮಂಗಲದ ಹತ್ತಿರ ಹಾಯುತ್ತದೆ. ನರಸಾಪುರಕ್ಕಿದ್ದ ಅನುಕೂಲ ಈಗ ಕೆ.ಜಿ.ಎಫ್.ಗೂ ಒದಗುತ್ತಿದೆ. ನನಗೆ ಇದರಲ್ಲಿ ನಂಬಿಕೆಯಿದೆ, ಏಕೆಂದರೆ ಈ ನೆಲಕ್ಕೆ ಒಬ್ಬನೇ ಯಜಮಾನ.

ಸ್ವಲ್ಪ ದೂರ ಹೋಗಿ ಬರೋಣ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಲೋವೆಲ್ ಎಂಬ ಪಟ್ಟಣವಿದೆ. ನಮ್ಮ ಪರೇಲಿನ ಹಿರಿಯಕ್ಕ ಎನ್ನಿ. 1820ರ ದಶಕದಲ್ಲಿ ಮೆರಿಮ್ಯಾಕ್ ನದಿಯ ನೀರಿಗೆ ಕಾಲುವೆ ತೋಡಿ, ಆ ನೀರಿನ ಬಲದಿಂದ ಹತ್ತಿಯ ಗಿರಣಿ ನಡೆಸಿದರು. ಇಪ್ಪತ್ತನೆಯ ಶತಮಾನದ ನಡುವಿಗೆ ಬಹುತೇಕ ಗಿರಣಿಗಳು ಮುಚ್ಚಿದುವು. ಕೆಲಸವೆಲ್ಲ ಕೂಲಿ ಅಗ್ಗವಾದ ದಕ್ಷಿಣದ ಕಡೆ ಹೋಯಿತು. ಇಟ್ಟಿಗೆಯ ದೈತ್ಯ ಕಟ್ಟಡಗಳು ಖಾಲಿ ನಿಂತುವು. 1970ರ ದಶಕದಲ್ಲಿ ಅಲ್ಲಿ ಕೆಲಸವಿಲ್ಲದವರು ನೂರಕ್ಕೆ ಹತ್ತನ್ನು ಮೀರಿದ್ದರು. ಊರಿನವರು ಎರಡು ದಾರಿ ಹಿಡಿದರು. ಒಂದು, ಹಳೆಯ ಗಿರಣಿಗಳನ್ನು ಕೆಡವದೆ ಉಳಿಸುವುದು. 1978ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಬೂಟ್ ಗಿರಣಿಯಲ್ಲಿ ಇಂದಿಗೂ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ, ಉಳಿದ ಕಟ್ಟಡಗಳಲ್ಲಿ ಮನೆ, ಆಫೀಸು, ವಿದ್ಯಾಲಯ ಬಂದುವು. ಇನ್ನೊಂದು, ವಾಂಗ್ ಎಂಬ ಕಂಪ್ಯೂಟರ್ ಕಂಪನಿಯನ್ನು ಕರೆತಂದದ್ದು. ಅದು ಮುಗಿಲೆತ್ತರದ ಗೋಪುರಗಳನ್ನು ಕಟ್ಟಿತು, ಸಾವಿರಾರು ಮಂದಿಗೆ ಕೆಲಸ ಕೊಟ್ಟಿತು. ಲೋಕವೆಲ್ಲ ಲೋವೆಲ್ಲನ್ನು ಹೊಗಳಿತು. 1992ರಲ್ಲಿ ವಾಂಗ್ ದಿವಾಳಿಯೆದ್ದಿತು. ಆರು ಕೋಟಿ ಡಾಲರು ಸುರಿದು ಕಟ್ಟಿದ ಗೋಪುರಗಳು 1994ರ ಹರಾಜಿನಲ್ಲಿ ಐದೇಕಾಲು ಲಕ್ಷ ಡಾಲರಿಗೆ ಹೋದುವು! ಗಿರಣಿ ಮುಚ್ಚಿದ ಊರಿಗೆ ಹೊಸ ಬೀಗವೊಂದು ಸೇರಿದಂತಾಯಿತು. ಆದರೂ ಊರು ಸಾಯಲಿಲ್ಲ. ಆ ಗೋಪುರಗಳೂ ಮುಂದೆ ಹಲವಾರು ಚಿಕ್ಕ ದೊಡ್ಡ ಕಂಪನಿಗಳಿಗೆ ಹಂಚಿಹೋಗಿ ತುಂಬಿದುವು. ಒಬ್ಬ ದೊಡ್ಡ ಬಾಡಿಗೆದಾರನಿಗಿಂತ ಹತ್ತು ಚಿಕ್ಕ ಬಾಡಿಗೆದಾರರು ಮೇಲೆಂಬುದನ್ನು ಚಾಳಿನ ಯಾವ ಮಾಲಿಕನೂ ಹೇಳಿಯಾನು. ಲೋವೆಲ್ಲಿಗೆ ಅದನ್ನು ಕಲಿಯಲು ಆರು ಕೋಟಿ ಡಾಲರು ಬೇಕಾಯಿತು.

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಮೂರನೆಯ ಬಗೆ: ಒಂದು ಸರಕಾರೀ ಸಂಸ್ಥೆಯ ಜಾಗಕ್ಕೆ ಇನ್ನೊಂದು ಸರಕಾರೀ ಸಂಸ್ಥೆ ಬರುವುದು. ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರದ ಕಾರಖಾನೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ತೀರ್ಮಾನಿಸಿತು. ನೂರು ಎಕರೆಗೂ ಹೆಚ್ಚಿನ ಆ ಜಾಗ ಇಸ್ರೋ ಸಂಸ್ಥೆಗೆ ಹೋಯಿತು. ಗಡಿಯಾರದ ಜಾಗಕ್ಕೆ ರಾಕೆಟ್ಟು! ನೆಲ ಹಾಳುಬೀಳಲಿಲ್ಲ, ದಲ್ಲಾಳಿಯ ಕೈಗೂ ಹೋಗಲಿಲ್ಲ, ಇದು ಮೆಚ್ಚತಕ್ಕದ್ದೇ. ಆದರೆ ಐವತ್ತು ದಾಟಿದ ಗಡಿಯಾರದ ಕುಶಲಕರ್ಮಿಯನ್ನು ಯಾವ ರಾಕೆಟ್ಟಿನವರು ಸೇರಿಸಿಕೊಂಡಾರು? ನೆಲಕ್ಕೆ ಕೆಲಸ ಸಿಕ್ಕಿತು, ಮನುಷ್ಯನಿಗೆ ಸಿಕ್ಕಿತೇ ಎಂದು ಬೇರೆಯಾಗಿಯೇ ಲೆಕ್ಕ ಹಾಕಬೇಕು. ವರ್ತಮಾನಪತ್ರಿಕೆಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಬಿಡುತ್ತಾರೆ.

ಭದ್ರಾವತಿಯ ಸ್ಥಿತಿ ಇನ್ನೊಂದು. ವಿಶ್ವೇಶ್ವರಯ್ಯನವರ ಹೆಸರಿನ ಆ ಕಬ್ಬಿಣದ ಕಾರಖಾನೆಯನ್ನು ಖಾಸಗಿಯವರಿಗೆ ಮಾರಲು ಕರೆ ಕೊಟ್ಟು ಕಾದರು. ತಕ್ಕ ಕೊಳ್ಳುವವರು ಬಾರದೆ 2022ರಲ್ಲಿ ಆ ಯೋಚನೆ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವಾಯಿತು. ಊರಿನವರು ಸುಮ್ಮನಿರಲಿಲ್ಲ, ಹೋರಾಟ ನಡೆದು, ಅದೇ ವರ್ಷ ಒಂದಿಷ್ಟು ಉತ್ಪಾದನೆ ಮತ್ತೆ ಆರಂಭವಾಯಿತು. ಪಕ್ಕದ ಕಾಗದದ ಕಾರಖಾನೆ ಮಾತ್ರ 2015ರಿಂದ ನಿಂತೇ ಇದೆ. ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಹಳೆಯ ಒಲೆ ಆರದಂತೆ ಕಾಯುವುದು ಕಡಿಮೆ ಖರ್ಚಿನದೆಂದು ಅಲ್ಲಿಯವರು ಹಟ ಹಿಡಿದಿದ್ದಾರೆ. ಒಮ್ಮೆ ಆರಿದ ಕುಲುಮೆಯನ್ನು ಮತ್ತೆ ಹೊತ್ತಿಸುವುದು ಎಷ್ಟು ಕಷ್ಟವೆಂದು ಉಕ್ಕಿನವರನ್ನು ಕೇಳಿದರೆ ತಿಳಿಯುತ್ತದೆ.

ನಮ್ಮಿಂದ ಏನಾದೀತು ಎಂದು ಕೇಳಬಹುದು. ಗಣಪತಿ ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ, "ನಮ್ಮೂರಿನ ಹಳೆಯ ಗಿರಣಿಗೆ ಹೊಸ ಕಂಪನಿ ಬರುತ್ತದೆಯಂತೆ, ಪುಕ್ಕಟೆ ಜಾಗ ಕೊಡುತ್ತಾರಂತೆ" ಎಂದು ಯಾರಾದರೂ ಹೇಳಿದರೆ ಹಾರ ತುರಾಯಿಗೆ ವರ್ಗಣಿ ಕೊಡುವ ಮುಂಚೆ ಮೂರು ನಾಲ್ಕು ಮಾತು ಕೇಳಿ. ಪಹಣಿ ಯಾರ ಹೆಸರಿನಲ್ಲಿದೆ? ಹಳೆಯ ಕಾರ್ಮಿಕರ ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡಿನ ಬಾಕಿ ತೀರಿದೆಯೇ? ಎಷ್ಟು ಜನರಿಗೆ ಕೆಲಸ, ಕಾಯಮ್ಮೋ ಗುತ್ತಿಗೆದಾರನ ಕೈಕೆಳಗೋ? ರಿಯಾಯಿತಿ ಮುಗಿದ ಮರುದಿನ ಕಂಪನಿ ಬಾಗಿಲು ಹಾಕಿದರೆ ನೆಲ ಯಾರಿಗೆ ತಿರುಗಿ ಬರುತ್ತದೆ? ಮುಂಬಯಿಯಲ್ಲಿ ಮೂರರಲ್ಲೊಂದು ಪಾಲು ಹೇಗೆ ಕರಗಿತೆಂದು ಕಣ್ಣಾರೆ ಕಂಡ ನೀವು ಕೇಳಿದರೆ ಆ ಪ್ರಶ್ನೆಗೆ ತೂಕವಿರುತ್ತದೆ. ನಮ್ಮಲ್ಲಿ ಕಚೇರಿಯ ಕಡತ ನೋಡಿ ಪಳಗಿದ ಕಾರಕೂನರಿದ್ದಾರೆ; ಅರ್ಜಿ ಬರೆಯಲು, ಮಾಹಿತಿ ಹಕ್ಕಿನ ಕಾಯಿದೆಯಂತೆ ಕಾಗದ ತರಿಸಲು ಊರವರಿಗೆ ಸಹಾಯಮಾಡುವುದು ಅವರಿಗೆ ಕಷ್ಟವಲ್ಲ. ಅಂಥ ಕಾಗದಗಳು ಬಂದರೆ ಒಂದು ಪ್ರತಿಯನ್ನು ನಮ್ಮ ವಾಚನಾಲಯಕ್ಕೂ ಕೊಡಿ, ಕಪಾಟಿನಲ್ಲಿ ಜಾಗವಿದೆ.

ಭದ್ರಾವತಿಯ ಕಡೆಯ ಇಬ್ಬರು ಹಿಂದಿನ ಸಾಲಿನಲ್ಲಿ ಕುಳಿತಿರುವುದು ಕಾಣುತ್ತಿದೆ. ನನ್ನ ಮಾತಿನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅವರೇ ಎದ್ದು ಹೇಳಲಿ. ಅಧ್ಯಕ್ಷರು ಅರ್ಧ ಗಂಟೆ ಪ್ರಶ್ನೋತ್ತರಕ್ಕೆಂದು ಇಟ್ಟಿದ್ದಾರೆ.